ಸಾಯದವನ ಕಥೆ ಮುಗಿಯೋದು ಹೇಗೆ?

(ಮುಂಬಯಿಯ ಮಾಟುಂಗಾದಲ್ಲಿ ಸೇರುವ ಕನ್ನಡ ಓದುಗರ ಬಳಗದ ಮುಂದೆ ಆಡಿದ ಮಾತಿನ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ವಿಷಯ ಹೇಳಿದಾಗ ನಮ್ಮ ಸಂಚಾಲಕರು, "ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂತ ವಾಟ್ಸಾಪ್‌ನಲ್ಲಿ ಹಾಕಲಾ?" ಅಂತ ಕೇಳಿದರು. ಬೇಡ ಅಂದೆ. ರಕ್ತ ಹೀರುವ ವ್ಯಾಂಪೈರ್‌ಗಳು, ತೋಳವಾಗುವ ಗಂಡಸರು, ಹೆಣ ಎಬ್ಬಿಸುವ ಹೆಂಗಸರು ಇರುವ ದೊಡ್ಡವರ ಕಾದಂಬರಿ ಮಾಲೆಗಳ ಬಗ್ಗೆ ಇವತ್ತಿನ ಮಾತು. ಹತ್ತು, ಹದಿಮೂರು, ಕೆಲವು ಇಪ್ಪತ್ತಕ್ಕಿಂತ ಜಾಸ್ತಿ ಪುಸ್ತಕಗಳ ತನಕ ಎಳೆಯುತ್ತವೆ. ನಮ್ಮ ಸಾಹಿತ್ಯ ಸಭೆಗಳಲ್ಲಿ ಇವುಗಳ ಹೆಸರೇ ಬರುವುದಿಲ್ಲ. ಆದರೆ ಇಲ್ಲೇ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವರ ರಾಶಿ ಕೆದಕಿ ನೋಡಿ. ಕಪ್ಪು ರಟ್ಟು, ಕೆಂಪು ಅಕ್ಷರ, ಮೂಲೆಯಲ್ಲೊಂದು ಚಂದ್ರ. ಯಾರೋ ಕೊಂಡು, ಓದಿ, ಮಾರಿದ್ದಾರೆ ತಾನೇ?

ಈ ಕಥೆಗಳು ಹೆದರಿಕೆಯ ಮೇಲೆ ನಿಂತಿವೆ ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇವು ನಿಂತಿರುವುದು ಕಟ್ಟಳೆಯ ಮೇಲೆ. ದೆವ್ವಕ್ಕೆ ಏನು ಮಾಡಬಹುದು, ಏನು ಮಾಡಬಾರದು ಅನ್ನುವ ಕರಾರಿನ ಮೇಲೆ. ಕರಾರು ಗಟ್ಟಿ ಇದ್ದಷ್ಟು ದಿನ ಮಾಲೆ ಗಟ್ಟಿ. ಕರಾರು ಸಡಿಲವಾದ ದಿನ ಓದುಗ ಎದ್ದು ಹೋಗುತ್ತಾನೆ.

ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ನೋಡೋಣ. 1897ರಲ್ಲಿ ಬಂದ ಪುಸ್ತಕ. ಸಿನಿಮಾದಿಂದಾಗಿ ನಮಗೆ ನೆನಪಿರುವುದು ಕರಿ ಕೋಟು, ಕೋರೆಹಲ್ಲು. ಪುಸ್ತಕ ಶುರುವಾಗುವುದು ಮನೆ ವ್ಯವಹಾರದಿಂದ! ಇಂಗ್ಲೆಂಡಿನ ಒಬ್ಬ ಯುವ ವಕೀಲ ಕಾಗದಪತ್ರ ಹಿಡಿದುಕೊಂಡು ಟ್ರಾನ್ಸಿಲ್ವೇನಿಯಾದ ಕೋಟೆಗೆ ಹೋಗುತ್ತಾನೆ. ಡ್ರಾಕುಲಾನಿಗೆ ಲಂಡನ್ ಹತ್ತಿರ ಜಾಗ ಬೇಕು. ಹಳೇ ಬಂಗಲೆ ಒಂದು ಗೊತ್ತಾಗಿದೆ, ಸಹಿ ಆಗಬೇಕು. ತನ್ನ ಊರಿನ ಮಣ್ಣು ತುಂಬಿದ 50 ಪೆಟ್ಟಿಗೆಗಳನ್ನು ಅವನು ಹಡಗಿನಲ್ಲಿ ಸಾಗಿಸುತ್ತಾನೆ. ಆ ಮಣ್ಣಿಲ್ಲದೆ ಅವನಿಗೆ ವಿಶ್ರಾಂತಿ ಇಲ್ಲ. ಊರು ಬಿಟ್ಟು ಮುಂಬಯಿಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನು ಅವನ ಕರಾರುಗಳು. ಮನೆಯವರು ಯಾರಾದರೂ ಒಮ್ಮೆ 'ಒಳಗೆ ಬಾ' ಅನ್ನದೆ ಹೊಸಿಲು ದಾಟುವ ಹಾಗಿಲ್ಲ. ಕನ್ನಡಿಯಲ್ಲಿ ಕಾಣುವುದಿಲ್ಲ. ಬೆಳ್ಳುಳ್ಳಿ ಆಗದು. ಹರಿಯುವ ನೀರನ್ನು ಉಬ್ಬರ ಏರಿದಾಗ ಅಥವಾ ನೀರು ನಿಂತಾಗ ಮಾತ್ರ ದಾಟಬಹುದು. ಮಳೆಗಾಲದಲ್ಲಿ ನಮ್ಮ ಪೇಪರ್‌ಗಳಲ್ಲಿ ಸಮುದ್ರದ ಉಬ್ಬರ ಎಷ್ಟು ಹೊತ್ತಿಗೆ, ಎಷ್ಟು ಮೀಟರ್ ಅಂತ ಹಾಕುತ್ತಾರಲ್ಲ, ಅದನ್ನು ನೋಡುವಾಗೆಲ್ಲ ನನಗೆ ಡ್ರಾಕುಲಾ ನೆನಪಾಗುತ್ತಾನೆ. ಪಾಪ, ವಾಶಿ ಸೇತುವೆ ದಾಟಲು ಅವನೂ ಅದನ್ನೇ ನೋಡಬೇಕು. ಇನ್ನೊಂದು ವಿಷಯ. ಬಿಸಿಲು ತಾಗಿದರೆ ಸುಟ್ಟು ಹೋಗುತ್ತಾನೆ ಅನ್ನುವ ನಿಯಮ ಈ ಪುಸ್ತಕದಲ್ಲಿ ಇಲ್ಲ. ಹಗಲಲ್ಲಿ ಅವನ ಶಕ್ತಿ ಕಮ್ಮಿ, ಅಷ್ಟೆ. ಲಂಡನ್ ಬೀದಿಯಲ್ಲಿ ಹಗಲು ಹೊತ್ತು ಅಡ್ಡಾಡುತ್ತಾನೆ. ಬಿಸಿಲಿಗೆ ಸಾಯುವುದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ವಿನಿಂದ ಬಂತು. ಅದು ಎಷ್ಟು ಅನುಕೂಲವಾಯಿತೆಂದರೆ ಮುಂದೆ ಬಂದವರಲ್ಲಿ ಬಹಳ ಮಂದಿ ಅದನ್ನೇ ಹಿಡಿದುಕೊಂಡರು.

ಇಷ್ಟೆಲ್ಲ ಕಟ್ಟಳೆ ಯಾಕೆ? ಏನು ಬೇಕಾದರೂ ಮಾಡಬಲ್ಲ ದೆವ್ವದ ಕಥೆಯಲ್ಲಿ ಓದುಗನಿಗೆ ಕೆಲಸವೇ ಇಲ್ಲ. ಕಟ್ಟಳೆ ಗೊತ್ತಿದ್ದರೆ ಓದುಗ ಲೆಕ್ಕ ಹಾಕುತ್ತಾನೆ. ಕಿಟಕಿ ಹಾಕಿದ್ದಾಳಾ? ಅವಳು ಮೊನ್ನೆ ಯಾರಿಗೋ ಬಾ ಅಂದಳಲ್ಲ, ಅವನೇನಾ ಇವನು? ಈ ಲೆಕ್ಕಾಚಾರದಲ್ಲೇ ಮಜಾ ಇರುವುದು. ನಾನ್-ವೆಜ್ ತಿನ್ನುವವರಿಗೆ ಫ್ಲ್ಯಾಟ್ ಕೊಡಲ್ಲ ಅನ್ನುವ ಸೊಸೈಟಿಗಳಿರುವ ಊರು ನಮ್ಮದು. ಇಲ್ಲಿ ವ್ಯಾಂಪೈರ್ ಒಬ್ಬ ಎನ್‌ಓಸಿ ಕೇಳಿಕೊಂಡು ಕಮಿಟಿಯವರ ಮುಂದೆ ಕೂತ ಅಂದುಕೊಳ್ಳಿ. ಬ್ಯಾಚುಲರ್, ರಾತ್ರಿ ಓಡಾಟ, ಊಟದ ವಿಷಯ ಕೇಳಲೇಬೇಡಿ. ಒಳಗೆ ಬಾ ಅನ್ನುವವರು ಯಾರು? ಮೊದಲ ಅಧ್ಯಾಯ ಆಗಲೇ ಸಿದ್ಧವಾಯಿತು.

ಈಗ 'ಮಾಲೆ' ಅನ್ನುವ ವಿಷಯಕ್ಕೆ ಬರುತ್ತೇನೆ. ವ್ಯಾಂಪೈರ್ ಮತ್ತು ಧಾರಾವಾಹಿ ಮೊದಲಿನಿಂದಲೂ ಜೊತೆಗಾರರು. ಇಂಗ್ಲಿಷಿನಲ್ಲಿ ವ್ಯಾಂಪೈರ್ ಕಥೆಗೆ ದಾರಿ ಹಾಕಿದ್ದು ಪೊಲಿಡೋರಿ ಬರೆದ, 1819ರಲ್ಲಿ ಅಚ್ಚಾದ ಸಣ್ಣ ಕಥೆ. ಅದನ್ನು ಬಿಡಿ. 1845ರಿಂದ 1847ರವರೆಗೆ ಲಂಡನ್ನಿನಲ್ಲಿ 'ವಾರ್ನಿ ದಿ ವ್ಯಾಂಪೈರ್' ಅಂತ ಒಂದು ಬಂತು. ಕಂತಿಗೆ ಒಂದು ಪೆನ್ನಿ. ಕೂಲಿ ಮಾಡುವವರು, ಅಂಗಡಿ ಹುಡುಗರು ಕೊಂಡು ಓದುವ ಅಗ್ಗದ ಕಾಗದ. 200ಕ್ಕಿಂತ ಹೆಚ್ಚು ಅಧ್ಯಾಯ! ಎಳೆದದ್ದು ಎಂದರೆ ಎಳೆದದ್ದು. ವಾರ್ನಿಯನ್ನು ಹೊಡೆಯುತ್ತಾರೆ, ಮುಳುಗಿಸುತ್ತಾರೆ. ಮೈಮೇಲೆ ಬೆಳದಿಂಗಳು ಬಿದ್ದರೆ ಸಾಕು, ಎದ್ದು ಕೂರುತ್ತಾನೆ. ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ನಾಯಕ ಸಿಗುವುದುಂಟೆ? ಕಂತು ಮಾರಾಟವಾಗುತ್ತಿರುವವರೆಗೆ ಅವನು ಸಾಯಬೇಕಾಗಿಲ್ಲ. ಕೊನೆಗೆ ಅವನಿಗೇ ಸಾಕಾಗಿ ವೆಸೂವಿಯಸ್ ಜ್ವಾಲಾಮುಖಿಗೆ ಹಾರಿಕೊಳ್ಳುತ್ತಾನೆ. ನಿಯಮದಿಂದ ಬಂದ ಕೊನೆ ಅಲ್ಲ ಅದು, ದಣಿವಿನಿಂದ ಬಂದ ಕೊನೆ.

ಇದಕ್ಕೆ ಎದುರಾಗಿ ನಮ್ಮ ಬೇತಾಳನನ್ನು ಇಟ್ಟು ನೋಡಿ. 'ಚಂದಮಾಮ' ಓದಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಶಂಕರ್ ಅವರು ಬರೆದ ಆ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ. ಛಲ ಬಿಡದ ತ್ರಿವಿಕ್ರಮ. ಮೂಲದಲ್ಲಿ ಇರುವುದು 25 ಕಥೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ತನ್ನ ಕಥಾಸರಿತ್ಸಾಗರದೊಳಗೆ ಇವನ್ನು ಸೇರಿಸಿದ. ಚಂದಮಾಮದವರು ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆ ಹೊಸೆದು ದಶಕಗಟ್ಟಲೆ ನಡೆಸಿದರು. ಹೇಗೆ ಸಾಧ್ಯವಾಯಿತು? ಕರಾರು. ರಾಜ ಮಾತಾಡಿದರೆ ಹೆಣ ಮರಕ್ಕೆ ವಾಪಸ್. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಎರಡೇ ಸಾಲಿನ ಕಟ್ಟಳೆ. ಕಥೆ ಎಂದೆಂದಿಗೂ ನಡೆಯಬಹುದು.

ಇದರ ಕೊನೆ ಇನ್ನೂ ಚೆನ್ನ. ಒಬ್ಬ ಅಪ್ಪ, ಒಬ್ಬ ಮಗ. ಒಬ್ಬಳು ತಾಯಿ, ಒಬ್ಬಳು ಮಗಳು. ಅಪ್ಪ ಮಗಳನ್ನು ಮದುವೆಯಾಗುತ್ತಾನೆ, ಮಗ ತಾಯಿಯನ್ನು. ಎರಡೂ ಕಡೆ ಮಕ್ಕಳಾದರೆ ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಹೊಳೆಯದ್ದರಿಂದ ಸುಮ್ಮನೆ ನಡೆಯುತ್ತಾನೆ. ಸುಮ್ಮನಿದ್ದದ್ದರಿಂದ ಹೆಣ ಮರಕ್ಕೆ ಹೋಗುವುದಿಲ್ಲ. ಕಥೆಯನ್ನು ಓಡಿಸಿದ ಕಟ್ಟಳೆಯೇ ಕಥೆಯನ್ನು ನಿಲ್ಲಿಸಿತು! ಇಷ್ಟು ಅಚ್ಚುಕಟ್ಟಾಗಿ ಮುಗಿಯುವ ವ್ಯಾಂಪೈರ್ ಮಾಲೆಯನ್ನು ನಾನಂತೂ ಓದಿಲ್ಲ. ಅಂದಹಾಗೆ ಇವು ಮಕ್ಕಳ ಕಥೆಗಳಾ? ಗಂಡನ ತಲೆ ಸ್ನೇಹಿತನ ಮೈಗೆ, ಸ್ನೇಹಿತನ ತಲೆ ಗಂಡನ ಮೈಗೆ ಅಂಟಿದರೆ ಅವಳ ಗಂಡ ಯಾರು ಅನ್ನುವುದೂ ಬೇತಾಳನ ಪ್ರಶ್ನೆಗಳ ಗುಂಪಿನದ್ದೇ. ಗಿರೀಶ ಕಾರ್ನಾಡರ 'ಹಯವದನ'ದ ಬೇರು ಅಲ್ಲಿದೆ. ದೊಡ್ಡವರ ಕಥೆಗಳನ್ನು ನಾವೇ ಮಕ್ಕಳ ಕೈಗೆ ಕೊಟ್ಟು, ನಮ್ಮಲ್ಲಿ ಇಂಥದ್ದು ಇಲ್ಲವಲ್ಲ ಅಂತ ಹುಡುಕುತ್ತಿದ್ದೇವೆ. ಗೋವಾದ ಹಳ್ಳಿಗಳಲ್ಲಿ ಬೇತಾಳ ಊರು ಕಾಯುವ ದೇವರು. ಪುಣೆಯಲ್ಲಿ ಅವನ ಹೆಸರಿನ ಗುಡ್ಡವೇ ಇದೆ, ಬೆಳಿಗ್ಗೆ ಜನ ಅಲ್ಲಿಗೆ ವಾಕಿಂಗ್ ಹೋಗುತ್ತಾರೆ.

ಸರಿ, ಹೊಸ ಮಾಲೆಗಳಿಗೆ ಬರೋಣ. 1976ರಲ್ಲಿ ಆನ್ ರೈಸ್ ಬರೆದ 'ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್' ದೊಡ್ಡ ತಿರುವು. ವ್ಯಾಂಪೈರ್ ತಾನೇ ಕೂತು ಟೇಪ್ ರೆಕಾರ್ಡರ್ ಮುಂದೆ ತನ್ನ ಕಥೆ ಹೇಳುತ್ತಾನೆ. ಬೇಟೆಯಾಡುವವನ ಸಂಕಟವನ್ನು ನಾವು ಅವನ ಬಾಯಿಂದಲೇ ಕೇಳುತ್ತೇವೆ. ಅದರಲ್ಲಿ ಕ್ಲಾಡಿಯಾ ಅಂತ ಒಂದು ಮಗು. ಐದು ವರ್ಷಕ್ಕೆ ವ್ಯಾಂಪೈರ್ ಆದವಳು, ಮನಸ್ಸು ಹೆಂಗಸಿನದು, ಮೈ ಮಾತ್ರ ಎಂದಿಗೂ ಬೆಳೆಯದು. ಲೇಖಕಿಯ ಮಗಳು ರಕ್ತದ ಕ್ಯಾನ್ಸರ್‌ನಿಂದ 1972ರಲ್ಲಿ ತೀರಿಕೊಂಡಿದ್ದಳು. ಇದು ಗೊತ್ತಾದ ಮೇಲೆ ಆ ಪುಟಗಳನ್ನು ದೆವ್ವದ ಕಥೆ ಅಂತ ಓದಲು ಆಗುವುದಿಲ್ಲ. ಸಾವೇ ಇಲ್ಲದಿರುವುದು ವರ ಅಲ್ಲ ಅನ್ನುವುದಕ್ಕೆ ಆ ಮಗುವಿನ ಗೊಂಬೆಗಳೇ ಸಾಕು. ಮಾಲೆ ಮಾತ್ರ 2018ರವರೆಗೆ ನಡೆಯಿತು. ಮೊದಲಿನ ಮೂರು ಓದಿದರೆ ಸಾಕು ಅಂತ ನನ್ನ ಅಭಿಪ್ರಾಯ.

ಆಮೇಲೆ ಬಂದವರು ವ್ಯಾಂಪೈರ್‌ನನ್ನು ಕೋಟೆಯಿಂದ ಇಳಿಸಿ ಆಫೀಸು, ಕೋರ್ಟು, ಬಾರಿಗೆ ಕರೆತಂದರು. 1993ರಲ್ಲಿ ಶುರುವಾದ ಲಾರೆಲ್ ಹ್ಯಾಮಿಲ್ಟನ್ ಅವರ ಅನಿತಾ ಬ್ಲೇಕ್ ಮಾಲೆಯಲ್ಲಿ ವ್ಯಾಂಪೈರ್‌ಗಳಿಗೆ ಕಾನೂನಿನ ಹಕ್ಕು ಇದೆ. ನಾಯಕಿಯ ಕೆಲಸ ಕೇಳಿ: ಹೆಣ ಎಬ್ಬಿಸುವುದು. ಅದೂ ಯಾಕೆ? ವಿಲ್ ವಿಷಯದಲ್ಲಿ ತಕರಾರು ಬಂದರೆ ಸತ್ತವರನ್ನೇ ಎಬ್ಬಿಸಿ ಕೇಳುವುದಕ್ಕೆ. ಊರಿನ ಆಸ್ತಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರು ಇಲ್ಲಿ ಇದ್ದರೆ, ಈ ಸರ್ವಿಸ್ ಎಲ್ಲಿ ಸಿಗುತ್ತೆ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ.

ನಳಿನಿ ಸಿಂಗ್ ಅಂತ ಇನ್ನೊಬ್ಬರು. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದವರು. 2009ರಲ್ಲಿ ಶುರುವಾದ ಅವರ ಒಂದು ಮಾಲೆಯಲ್ಲಿ ಮನುಷ್ಯರನ್ನು ವ್ಯಾಂಪೈರ್ ಮಾಡುವವರು ರೆಕ್ಕೆಯ ದೇವದೂತರು. ಪುಕ್ಕಟೆ ಅಲ್ಲ. ಅಮರತ್ವ ಬೇಕಾದರೆ ನೂರು ವರ್ಷ ಚಾಕರಿ ಮಾಡುವ ಕರಾರಿಗೆ ಒಪ್ಪಬೇಕು. ಓಡಿಹೋದರೆ ಹಿಡಿದು ತರಲು ಬೇಟೆಗಾರರಿದ್ದಾರೆ. ಫಿಜಿಗೆ ಭಾರತದ ಕೂಲಿಗಳನ್ನು ಕರಾರಿನ ಮೇಲೆ ಹಡಗಿನಲ್ಲಿ ಸಾಗಿಸಿದ ಚರಿತ್ರೆ ಗೊತ್ತಿದ್ದವರಿಗೆ ಈ ಕಟ್ಟಳೆ ಬೇರೆ ಥರ ಕೇಳಿಸುತ್ತದೆ. ಲೇಖಕಿ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದರು ಅಂತ ನಾನು ಹೇಳುತ್ತಿಲ್ಲ. ನನಗೆ ಹಾಗೆ ಕೇಳಿಸಿತು.

ನನಗೆ ಹೆಚ್ಚು ಇಷ್ಟವಾದದ್ದು ಶಾರ್ಲೇನ್ ಹ್ಯಾರಿಸ್ ಅವರ ಸೂಕಿ ಸ್ಟ್ಯಾಕ್‌ಹೌಸ್ ಮಾಲೆ. 2001ರಿಂದ 2013ರವರೆಗೆ 13 ಕಾದಂಬರಿ. 'ಟ್ರೂ ಬ್ಲಡ್' ಟೀವಿ ಸೀರಿಯಲ್ ಇದರಿಂದಲೇ ಬಂದದ್ದು. ಅಮೆರಿಕದ ಲೂಸಿಯಾನಾದಲ್ಲಿ ಒಂದು ಸಣ್ಣ ಊರು. ಸೂಕಿ ಅಲ್ಲಿನ ಬಾರಿನಲ್ಲಿ ಸಪ್ಲೈ ಮಾಡುವ ಹುಡುಗಿ. ಜಪಾನಿನವರು ಕೃತಕ ರಕ್ತ ಕಂಡುಹಿಡಿದಿದ್ದಾರೆ, ಬಾಟಲಿಯಲ್ಲಿ ಸಿಗುತ್ತದೆ. ಇನ್ನು ಮನುಷ್ಯರನ್ನು ಕೊಲ್ಲುವ ಗರಜು ಇಲ್ಲ ಅಂತ ವ್ಯಾಂಪೈರ್‌ಗಳು ಬಹಿರಂಗವಾಗಿ ಹೊರಬಂದಿದ್ದಾರೆ. ಹೋಟೆಲ್, ಬಾರ್ ನಡೆಸುವವರು, ನಡೆಸಿದವರು ಈ ಸಭೆಯಲ್ಲಿ ಇದ್ದೀರಿ. ಹೊಸ ಥರದ ಗಿರಾಕಿ ಬಂದರೆ ಫ್ರಿಡ್ಜಿನಲ್ಲಿ ಅವರಿಗೆ ಬೇಕಾದ್ದು ಇಡಬೇಕು. ಬಾರಿನಲ್ಲೂ ಅದೇ ಆಗುತ್ತದೆ.

ಸೂಕಿಗೆ ಒಂದು ಕಾಟ. ಎದುರಿಗಿದ್ದವರ ಮನಸ್ಸಿನ ಮಾತೆಲ್ಲ ಅವಳಿಗೆ ಕೇಳಿಸುತ್ತದೆ. ಆರ್ಡರ್ ಬರೆದುಕೊಳ್ಳುವಾಗ ಗಿರಾಕಿ ಅವಳ ಮೈ ಬಗ್ಗೆ ಏನು ಅಂದುಕೊಳ್ಳುತ್ತಿದ್ದಾನೆ ಅನ್ನುವುದೂ ಕೇಳಿಸುತ್ತದೆ. ಯಾವ ಹುಡುಗನ ಜೊತೆಗೂ ಒಂದು ಸಂಜೆ ಕಳೆಯಲು ಆಗಿಲ್ಲ. ಒಂದು ರಾತ್ರಿ ಬಿಲ್ ಅನ್ನುವ ವ್ಯಾಂಪೈರ್ ಬಂದು ಟೇಬಲ್ಲಿನಲ್ಲಿ ಕೂರುತ್ತಾನೆ. ಅವನ ಕಡೆಯಿಂದ ಏನೂ ಕೇಳಿಸುವುದಿಲ್ಲ. ನಿಶ್ಶಬ್ದ. ಸತ್ತವನ ತಲೆಯೊಳಗೆ ಸದ್ದಿಲ್ಲ. ಅವಳು ಅವನನ್ನು ಮೆಚ್ಚುವುದು ಅವನ ಅಂದಕ್ಕಿಂತ ಜಾಸ್ತಿ ಈ ನೆಮ್ಮದಿಗಾಗಿ. ಸಂಜೆ ಆರೂವರೆಯ ವಿರಾರ್ ಲೋಕಲ್‌ನಲ್ಲಿ ನಿಂತು ಹೋಗುವ ಯಾವ ಹೆಂಗಸಿಗೂ ಇದು ತಕ್ಷಣ ಅರ್ಥವಾಗುತ್ತದೆ. ಇಷ್ಟರ ಮೇಲೆ ಇದೇ ಬಾರಿಗೆ ಬಂದ ಗಂಡಹೆಂಡತಿ ಜೋಡಿಯೊಂದು ಬಿಲ್‌ನನ್ನು ಕಟ್ಟಿಹಾಕಿ ಅವನ ರಕ್ತ ಬಸಿಯುತ್ತದೆ. ವ್ಯಾಂಪೈರ್ ರಕ್ತ ಅಲ್ಲಿ ನಶೆಯ ಮಾಲು, ಕಳ್ಳ ಮಾರುಕಟ್ಟೆಯಲ್ಲಿ ಒಳ್ಳೆಯ ರೇಟು. ಸೂಕಿ ಸರಪಳಿ ಹಿಡಿದುಕೊಂಡು ಹೋಗಿ ಅವನನ್ನು ಬಿಡಿಸುತ್ತಾಳೆ. ರಕ್ತ ಹೀರುವವರು ಯಾರು ಅನ್ನುವುದು ಮೊದಲ ಅಧ್ಯಾಯದಲ್ಲೇ ತಿರುಗಿ ನಿಂತಿತು.

ದೊಡ್ಡವರ ಪುಸ್ತಕ ಅಂದೆನಲ್ಲ, ಆ ವಿಷಯವನ್ನೂ ಹೇಳಿಬಿಡುತ್ತೇನೆ. ಈ ಮಾಲೆಗಳಲ್ಲಿ ಕಾಮ ಇದೆ. ಕೆಲವುದರಲ್ಲಿ ಪುಟಗಟ್ಟಲೆ ಇದೆ. ಇದು ಹೊಸದೇನಲ್ಲ. ಡ್ರಾಕುಲಾಗಿಂತ 25 ವರ್ಷ ಮೊದಲೇ, 1872ರಲ್ಲಿ, ಲೆ ಫಾನು ಬರೆದ 'ಕಾರ್ಮಿಲ್ಲಾ'ದಲ್ಲಿ ಒಬ್ಬ ಹುಡುಗಿಯ ಹಾಸಿಗೆಗೆ ಬರುವ ವ್ಯಾಂಪೈರ್ ಕೂಡ ಹುಡುಗಿಯೇ. ಆಗ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಕಚ್ಚಿಸಿ ಹೇಳಿದರು. ಈಗ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಹಾಸಿಗೆಯಲ್ಲ, ಹೊಸಿಲು. ಒಳಗೆ ಬಾ ಅಂದರೆ ಮಾತ್ರ ಬರಬಹುದು ಅನ್ನುವ ಹಳೇ ಕಟ್ಟಳೆಗೆ ಹ್ಯಾರಿಸ್ ಇನ್ನೊಂದು ಸೇರಿಸಿದರು: ಕೊಟ್ಟ ಕರೆಯನ್ನು ವಾಪಸ್ ತೆಗೆದುಕೊಳ್ಳಬಹುದು. ಸೂಕಿ ರೇಗಿದಾಗ ಆ ಮಾತು ಹೇಳುತ್ತಾಳೆ. ಸಾವಿರ ವರ್ಷ ಬದುಕಿದ, ಕಾರನ್ನು ಎತ್ತಿ ಎಸೆಯಬಲ್ಲ ಗಂಡಸು, ಬೇಕೋ ಬೇಡವೋ, ಕಾಲು ಹಿಂದಿಡುತ್ತಾ ಬಾಗಿಲಿನಿಂದ ಆಚೆ ಹೋಗಲೇಬೇಕು. ತನ್ನ ಮನೆಯಿಂದ ಗಂಡಸನ್ನು ಒಂದೇ ಮಾತಿನಲ್ಲಿ ಹೊರಗೆ ಕಳಿಸುವ ಹೆಣ್ಣು! ಈ ಪುಸ್ತಕಗಳನ್ನು ಹೆಚ್ಚಾಗಿ ಹೆಂಗಸರು ಓದುತ್ತಾರೆ ಅಂತ ಮೂಗು ಮುರಿಯುವವರು ಈ ಒಂದು ದೃಶ್ಯ ಓದಲಿ.

ಇನ್ನು ಇವು ಕೆಡುವುದು ಎಲ್ಲಿ? ಸಾಮಾನ್ಯವಾಗಿ ಏಳೆಂಟನೇ ಪುಸ್ತಕದ ಹೊತ್ತಿಗೆ. ಶತ್ರು ಪ್ರತಿ ಸಲ ಹಿಂದಿನವನಿಗಿಂತ ಬಲಶಾಲಿ ಆಗಬೇಕು. ಅವನನ್ನು ಗೆಲ್ಲಲು ನಾಯಕಿಗೆ ಹೊಸ ಶಕ್ತಿ ಬೇಕು. ಹೀಗೆ ಏರುತ್ತಾ ಏರುತ್ತಾ ಅವಳು ಮಾಟಗಾತಿಯೂ ಹೌದು, ತೋಳವೂ ಹೌದು, ಅರ್ಧ ದೇವತೆಯೂ ಹೌದು ಅನ್ನುವ ಹಾಗಾಗುತ್ತದೆ. ಕರಾರಿಗೆಲ್ಲ ವಿನಾಯಿತಿ. ಅನಿತಾ ಬ್ಲೇಕ್ ಮಾಲೆಯಲ್ಲಿ ಹತ್ತನೇ ಪುಸ್ತಕದ ಸುಮಾರಿಗೆ ಕೊಲೆ ತನಿಖೆ ಹಿಂದೆ ಸರಿದು ಮಂಚವೇ ಮುಂದೆ ಬಂತು ಅಂತ ಹಳೇ ಓದುಗರು ಇವತ್ತಿಗೂ ಜಗಳಾಡುತ್ತಾರೆ. ಮಂಚದ ಬಗ್ಗೆ ನನ್ನ ತಕರಾರಿಲ್ಲ. ಹೆಣ ಎಬ್ಬಿಸುವ ಆ ಆಫೀಸು ಎಲ್ಲಿ ಹೋಯಿತು ಅನ್ನುವುದು ನನ್ನ ತಕರಾರು. ಪ್ರತಿ ಪುಸ್ತಕಕ್ಕೂ ಬೇರೆ ಜೋಡಿಯನ್ನು ತರುವ ರೊಮ್ಯಾನ್ಸ್ ಮಾಲೆಗಳಿಗೆ ಈ ಕಷ್ಟ ಕಮ್ಮಿ. ಒಂದೇ ನಾಯಕಿ ಇರುವ ಮಾಲೆಗಳೇ ಜಾಸ್ತಿ ಬಳಲುವುದು.

ಕನ್ನಡದಲ್ಲಿ ಯಾಕಿಲ್ಲ? ಯಂಡಮೂರಿಯವರ 'ತುಳಸಿ ದಳ' ತೆಲುಗಿನಿಂದ ಬಂದು ನಮ್ಮ ನಿದ್ದೆ ಕೆಡಿಸಿತ್ತು. ಮರಾಠಿಯಲ್ಲಿ ನಾರಾಯಣ ಧಾರಪ್, ರತ್ನಾಕರ ಮತಕರಿ ಇಂಥ ಕಥೆಗಳನ್ನು ದೊಡ್ಡವರಿಗಾಗಿಯೇ ಬರೆದರು. ನಮ್ಮ ಹತ್ತಿರ ಸರಕು ಇಲ್ಲವೆಂದಲ್ಲ. 'ನಾಳೆ ಬಾ' ನೆನಪಿದೆಯಲ್ಲ? ಮನೆಯವರ ದನಿಯಲ್ಲೇ ಬಾಗಿಲು ಬಡಿಯುವ ದೆವ್ವ. ಓಗೊಟ್ಟರೆ ಮುಗಿಯಿತು. ಅದಕ್ಕೇ ಬಾಗಿಲ ಮೇಲೆ ನಾಳೆ ಬಾ ಅಂತ ಬರೆಯುವುದು. ದೆವ್ವ ಓದಿ, ಹೋಗಿ, ಮರುದಿನ ಬಂದು ಮತ್ತೆ ಓದುತ್ತದೆ. ಕಟ್ಟಳೆ ಇದೆ, ಹೊಸಿಲು ಇದೆ, ದಿನಾ ಮುಂದುವರಿಯುವ ಏರ್ಪಾಡೂ ಇದೆ. ಧಾರಾವಾಹಿಗೆ ಇನ್ನೇನು ಬೇಕು? ಮುಂಬಯಿಯಲ್ಲಿ ಮೂರನೇ ತಲೆಮಾರಿನ ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ದೆವ್ವಕ್ಕೆ ಬರುತ್ತದೆ. ಅಲ್ಲಿಂದಲೇ ಒಬ್ಬರು ಶುರು ಮಾಡಬಹುದು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಹೋಟೆಲ್ ನಡೆಸಿ ನಿವೃತ್ತರಾದ ಹಿರಿಯರೊಬ್ಬರು ಎದ್ದು ಕೇಳಿದರು: "ಅಲ್ಲ ಮಾರಾಯ್ರೆ, ನಮ್ಮ ತುಳುನಾಡಿನ ಕುಲೆಗಳನ್ನು ನೀವು ಬಿಟ್ಟೇಬಿಟ್ಟಿರಲ್ಲ?"

ಒಳ್ಳೆಯದಾಯಿತು ಅಣ್ಣ, ನೆನಪಿಸಿದಿರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕುಲೆ ಅಂದರೆ ಸತ್ತವರ ಪ್ರೇತ. ಮದುವೆಯಾಗದೆ ಸತ್ತವರ ಕುಲೆ ಮನೆಯವರಿಗೆ ಕಾಟ ಕೊಟ್ಟರೆ ಆಟಿ ತಿಂಗಳಲ್ಲಿ ಅವರಿಗೆ ಮದುವೆ ಮಾಡುತ್ತಾರೆ. ಸತ್ತ ಹುಡುಗನಿಗೆ ಸತ್ತ ಹುಡುಗಿಯನ್ನೇ ಹುಡುಕಬೇಕು. ಎರಡೂ ಮನೆಯವರು ಕೂತು ಮಾತಾಡುತ್ತಾರೆ, ಸೀರೆ, ಬಳೆ, ಊಟ ಎಲ್ಲ ಇದೆ. ಸತ್ತರೂ ಬರಿ, ಅಂದರೆ ತಾಯಿಯ ಕಡೆಯಿಂದ ಬರುವ ಕುಲ, ನೋಡಲೇಬೇಕು, ಒಂದೇ ಬರಿಯವರಿಗೆ ಸಂಬಂಧ ಆಗುವುದಿಲ್ಲ. ಅಮೆರಿಕದವರು ಪ್ಯಾರಾನಾರ್ಮಲ್ ರೊಮ್ಯಾನ್ಸ್, ಅಂದರೆ ದೆವ್ವಭೂತಗಳ ಪ್ರೇಮಕಥೆ, ಅಂತ ಪುಸ್ತಕದಂಗಡಿಯಲ್ಲಿ ಬೇರೆ ಕಪಾಟು ಮಾಡಿದ್ದಾರೆ. ನಿಮ್ಮೂರಿನ ಚಾವಡಿಯಲ್ಲಿ ಅದರ ನಿಶ್ಚಿತಾರ್ಥವೇ ಆಗಿದೆ. ನೀವು ನೋಡಿದ್ದನ್ನು ಬರೆದುಕೊಡಿ ಅಣ್ಣ, ನಾನು ತಿದ್ದಿಕೊಡುತ್ತೇನೆ.

ಮಲಾಡಿನ ಕಾಲ್ ಸೆಂಟರಿನಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗಿ ಕೇಳಿದಳು: "ಸರ್, ಎಲ್ಲಿಂದ ಶುರು ಮಾಡ್ಲಿ?"

ಸೂಕಿ ಮಾಲೆಯ ಮೊದಲ ಪುಸ್ತಕದಿಂದಮ್ಮ. 'ಡೆಡ್ ಅಂಟಿಲ್ ಡಾರ್ಕ್' ಅಂತ. ನಿನ್ನದೂ ರಾತ್ರಿ ಕೆಲಸ, ಹೊಂದುತ್ತದೆ. ಕ್ರಮ ತಪ್ಪಿಸಬೇಡ. ಈ ಮಾಲೆಗಳ ನಡುನಡುವೆ ಸಣ್ಣ ಕಥೆಗಳೂ ಬರುತ್ತವೆ, ಅವು ಬಿಟ್ಟರೂ ನಡೆಯುತ್ತದೆ. ಫುಟ್‌ಪಾತಿನಲ್ಲಿ ಕೊಳ್ಳುವುದಾದರೆ ಕೊನೆಯ ಪುಟ ಇದೆಯಾ ಅಂತ ಮೊದಲು ನೋಡು. ಕೊನೆಯ ಪುಸ್ತಕದಲ್ಲಿ ಸೂಕಿ ಯಾರ ಜೊತೆ ಹೋದಳು ಅನ್ನುವುದಕ್ಕೆ ಅಭಿಮಾನಿಗಳಲ್ಲಿ ಹಲವರು ಲೇಖಕಿಯ ಮೇಲೆ ಸಿಟ್ಟಾಗಿದ್ದರು. ಯಾರು ಅಂತ ನಾನು ಹೇಳುವುದಿಲ್ಲ. ಮೊದಲನೆಯದೂ ಎರಡನೆಯದೂ ಇವತ್ತೇ ನನ್ನ ಚೀಲದಲ್ಲಿವೆ, ತಗೊಂಡು ಹೋಗು. ಮೂರನೆಯದು ನಮ್ಮ ಸಂಚಾಲಕರ ಮನೆಯಲ್ಲಿದೆ. ಅವರ ಹೆಂಡತಿ ಓದಿ ಮುಗಿಸಿದ ಮೇಲೆ ಕೇಳಬೇಕು.